ರನ್‌ವೇ ಪಕ್ಕದ ಚೋಟುದ್ದ ಹುಲ್ಲು: ನನ್ನ ಅನುಭವ

"ಹುಲ್ಲು ಕೊಯ್ರಿ ಅಂತ ಕೆಲಸ ಕೊಟ್ರ ನೀವು ಹುಲ್ಲು ಬೆಳಸಾಕ ನಿಂತೀರಲ್ರೀ!"

2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣದ ಒಳಗೆ, ಗಾಳಿಚೀಲದ ಕಂಬದ ಹತ್ತಿರ ಜೀಪು ನಿಲ್ಲಿಸಿ ಮೂಲ ಗುತ್ತಿಗೆದಾರರ ಸೂಪರ್‌ವೈಸರ್ ಹೇಳಿದ ಮಾತಿದು. ಜೀಪಿನಲ್ಲಿದ್ದ ಉಳಿದವರು ನಕ್ಕರು. ನಗಲಿಕ್ಕೆ ಕಾರಣವೂ ಇತ್ತು. ವಿಮಾನಕ್ಕೆ ಅಡ್ಡ ಬರುವ ಹಕ್ಕಿಗಳು ಕೂರಬಾರದು ಅಂತಲೇ ನಾನು ಹುಲ್ಲು ಉದ್ದ ಬಿಟ್ಟಿದ್ದೆ, ಅವತ್ತು ಬೆಳಿಗ್ಗೆ ಅದೇ ಪಟ್ಟೆಯಲ್ಲಿ ಕಡಿಮೆ ಎಂದರೂ ಇನ್ನೂರು ರಾಟವಾಳ (ಕಾಳು ತಿನ್ನುವ ಸಣ್ಣ ಹಕ್ಕಿ) ಕೂತಿದ್ದವು. ಆ ಪಟ್ಟೆಗಳು ಈಗ ಹೇಗಿವೆ, ನಡುವೆ ಎಷ್ಟು ದುಡ್ಡು ಮಣ್ಣು ತಿಂದಿತು ಅಂತ ಬರೆಯೋಣ ಅನ್ನಿಸಿತು. ಸಣ್ಣ ನಿಲ್ದಾಣಗಳಲ್ಲಿ ಹುಲ್ಲು ಕೊಯ್ಯುವ ಟೆಂಡರ್ ಹಿಡಿಯುವವರು ಫೋನ್ ಮಾಡಿ ಕೇಳುತ್ತಿರುತ್ತಾರೆ, ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಸಾಕಾಗಿದೆ. ಪಾಸು, ಏರ್‌ಸೈಡ್ (ರನ್‌ವೇ ಬದಿಯ) ವಾಹನದ ಪರ್ಮಿಟ್, ಎಸ್ಕಾರ್ಟ್ ಜೀಪು, ವಾಕಿಟಾಕಿ ಶಿಸ್ತು ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ನೇರ ಹೊಲಕ್ಕೇ ಇಳಿಯುತ್ತೇನೆ.

ಗೋಕುಲ ರೋಡಿನ ಕಡೆಯ ನಮ್ಮಂಥವರಿಗೆ ಈ ನಿಲ್ದಾಣ ಬಹಳ ದಿನ ಬೇಲಿಯಾಚೆಯ ಬಯಲಾಗಿತ್ತು, ಅಷ್ಟೇ. ಆಗ ರನ್‌ವೇ 1,670 ಮೀಟರ್ ಇತ್ತು, ಎಟಿಆರ್‌ನಂಥ ಪಂಖದ ವಿಮಾನಕ್ಕೆ ಸಾಕಾಗುವಷ್ಟು. ಕಿಂಗ್‌ಫಿಷರ್‌ನ ಕೆಂಪು ವಿಮಾನ ಬರುವ ಹೊತ್ತಿಗೆ ಸೈಕಲ್ ತುಳಿದು ಹೋಗಿ ಬೇಲಿಗೆ ಮುಖ ಒತ್ತಿ ನಿಲ್ಲುತ್ತಿದ್ದೆವು. 2012ರಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು. ಆಮೇಲೆ ರನ್‌ವೇ 2,600 ಮೀಟರಿಗೆ ಬೆಳೆದು, ಹೊಸ ಟರ್ಮಿನಲ್ ಎದ್ದು, 2017ರ ಡಿಸೆಂಬರ್ 12ಕ್ಕೆ ಉದ್ಘಾಟನೆಯಾಯಿತು. ಮರುವರ್ಷ ಏರ್‌ಬಸ್, ಬೋಯಿಂಗ್ ಇಳಿಯತೊಡಗಿದವು. 2019ರ ಜನವರಿಯಲ್ಲಿ ಸ್ಟಾರ್ ಏರ್ ಹುಟ್ಟಿದ್ದೇ ಬೆಂಗಳೂರು–ಹುಬ್ಬಳ್ಳಿ ಹಾರಾಟದಿಂದ. ಅದೇ ನವೆಂಬರಿನಲ್ಲಿ ದೆಹಲಿ ಮಗ್ಗುಲಿನ ಹಿಂಡನ್‌ಗೂ ಇಲ್ಲಿಂದ ವಿಮಾನ ಹೊರಟಿತು. ಊರವರು ಟಿಕೆಟ್ ದರದ ಬಗ್ಗೆ ಮಾತಾಡುತ್ತಿದ್ದರೆ ನನ್ನ ತಲೆಯಲ್ಲಿ ಎಕರೆ ಲೆಕ್ಕ ಓಡುತ್ತಿತ್ತು.

ಲೆಕ್ಕ ಹೀಗೆ. ರನ್‌ವೇ 2,600, ಎರಡೂ ತುದಿಗೆ ಅರವತ್ತು ಅರವತ್ತು ಸೇರಿಸಿದರೆ 2,720 ಮೀಟರ್ ಉದ್ದ. ನಡುಗೆರೆಯಿಂದ ಎಡಕ್ಕೆ 140, ಬಲಕ್ಕೆ 140. ಸುಮಾರು 188 ಎಕರೆ ಆಯಿತು. ಅದರಲ್ಲಿ ಡಾಂಬರು 29 ಎಕರೆ ಹೋದರೆ 160 ಉಳಿಯಿತು. ಟ್ಯಾಕ್ಸಿವೇ ತೆಗೆಯಿರಿ, ಬೇಲಿ ಬದಿಯ ರಸ್ತೆ, ಚರಂಡಿ ಹಿಡಿಯಿರಿ, ಕೊನೆಗೆ ಎಲ್ಲ ಸೇರಿ ಇನ್ನೂ ಜಾಸ್ತಿಯೇ ಆಗುತ್ತದೆ. ನಮ್ಮ ಅಪ್ಪ ಜೀವಮಾನದಲ್ಲಿ ಉತ್ತದ್ದು ಏಳು ಎಕರೆ. ನಾನು 160 ಎಕರೆಯ ಗೌಡ ಆದೆ, ಬೆಳೆ ಮಾತ್ರ ಬರೀ ಹುಲ್ಲು.

2018ರ ಮಳೆಗಾಲದಲ್ಲಿ ಉಪಗುತ್ತಿಗೆಗೆ ಒಪ್ಪಿಕೊಂಡೆ. ಮೂಲ ಗುತ್ತಿಗೆದಾರರ ಹೆಸರು ಇಲ್ಲಿ ಬೇಡ, ಅವರು ಎಕರೆಗೆ ಒಂದು ಕೊಯ್ಲಿಗೆ ಹೆಚ್ಚುಕಡಿಮೆ 900 ರೂಪಾಯಿ ಮಾತಾಡಿದ್ದರು. ಕೈಗೆ ಬಂದದ್ದು 780, ಅದೂ ನಾಲ್ಕು ತಿಂಗಳು ತಡವಾಗಿ. ನನ್ನ ಹಳೆ ಟ್ರ್ಯಾಕ್ಟರ್ ಇತ್ತು. ಅದರ ಹಿಂದೆ ಕಟ್ಟಿ ಹುಲ್ಲು ಕೊಯ್ಯುವ ಸೆಕೆಂಡ್‌ಹ್ಯಾಂಡ್ ಸ್ಲ್ಯಾಶರ್ 48 ಸಾವಿರಕ್ಕೆ ತಂದೆ, ನಾಲ್ಕು ಬ್ರಷ್ ಕಟರ್ ಕೊಂಡೆ, ಅದರಲ್ಲಿ ಎರಡು ಮೂರನೇ ತಿಂಗಳಿಗೆ ಮೂಲೆ ಸೇರಿದವು. ಪತ್ತಿನ ಸಂಘದಲ್ಲಿ ಎರಡು ಲಕ್ಷ ಸಾಲ ಎತ್ತಿದ್ದೆ.

ಆಗ ಎಲ್ಲರ ಹಾಗೆ ನಾನೂ ಬೋಳು ಹೊಡೆಯುತ್ತಿದ್ದೆ. ನೆಲಕ್ಕೆ ಹತ್ತಿ ಕೊಯ್ದರೆ ಮುಂದಿನ ಕೊಯ್ಲು ತಡವಾಗುತ್ತದೆ, ಡೀಸೆಲ್ ಉಳಿಯುತ್ತದೆ, ನೋಡಲಿಕ್ಕೂ ಕ್ರಿಕೆಟ್ ಮೈದಾನದಂತೆ ಕಾಣುತ್ತದೆ ಎಂಬ ಲೆಕ್ಕ. ಸ್ಲ್ಯಾಶರ್ ಹಿಂದೆ ಬೆಳ್ಳಕ್ಕಿಗಳ ಮೆರವಣಿಗೆ ಬರುತ್ತಿತ್ತು. ಉಳುವ ರೈತನಿಗೆ ಅದು ಶೋಭೆ, ರನ್‌ವೇ ಪಕ್ಕದಲ್ಲಿ ಅದೇ ಅಪಾಯ. ಮಿಡತೆ, ಹುಳ, ಕಪ್ಪೆ ಎಲ್ಲ ಬೆತ್ತಲಾಗಿ ಸಿಕ್ಕುತ್ತಿದ್ದವು. ಬೆಳ್ಳಕ್ಕಿ ಹೋದರೆ ಗೊರವಂಕ, ಅದು ಹೋದರೆ ಟಿಟ್ಟಿಭ. ಟಿಟ್ಟಿಭಕ್ಕಂತೂ ಬೋಳು ನೆಲ ತವರುಮನೆ. ಸುತ್ತ ನೂರು ಹೆಜ್ಜೆ ಕಣ್ಣಿಗೆ ಬೀಳಬೇಕು ಅದಕ್ಕೆ, ಗರಸಿನ ಮೇಲೆ ನಾಲ್ಕು ಮೊಟ್ಟೆ ಇಟ್ಟು ಜೀಪು ಬಂದರೂ ಜಾಗ ಬಿಡದೆ ಕೂಗುತ್ತಿರುತ್ತದೆ. ಪಟಾಕಿ ಹೊಡೆಯುವ ಹುಡುಗರು ಒಂದು ತುದಿಯಿಂದ ಎಬ್ಬಿಸಿದರೆ ಅವು ಇನ್ನೊಂದು ತುದಿಗೆ ಹಾರಿ ಇಳಿಯುತ್ತಿದ್ದವು. ಆಚೆಗೆ ಹೋಗುವಾಗ ರನ್‌ವೇ ದಾಟಿಯೇ ಹೋಗಬೇಕಲ್ಲ!

ನಾನು ಆಗಿನಿಂದಲೇ ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಬೆಳಗಿನ ಹಕ್ಕಿ ಎಣಿಕೆ ಬರೆಯುತ್ತಿದ್ದೆ. ಬೇಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಕಂಡದ್ದನ್ನು ಗೀಚುವುದು. 2018–19ರಲ್ಲಿ ಸರಾಸರಿ 130–140 ಬರುತ್ತಿತ್ತು. ಪುಸ್ತಕ ಮಳೆಗೆ ನೆಂದು ಅರ್ಧ ಹೋಗಿದೆ, ಅಂಕಿ ನೆನಪಿನಿಂದ ಹೇಳುತ್ತಿದ್ದೇನೆ.

2019ರ ಆಗಸ್ಟ್ ನಮ್ಮ ಕಡೆಯವರಾರೂ ಮರೆಯುವ ತಿಂಗಳಲ್ಲ. ಬೆಳಗಾವಿ, ಧಾರವಾಡ, ಬಾಗಲಕೋಟೆ ಎಲ್ಲ ಕಡೆ ನೆರೆ. ಹತ್ತು ದಿನ ಕೊಯ್ಲು ನಿಂತು ಹುಲ್ಲು ಮೊಣಕಾಲಿಗೆ ಬಂದಿತ್ತು. ಮಳೆ ಬಿಟ್ಟ ಎರಡನೇ ದಿನವೇ ಅವಸರ ಮಾಡಿ ಟ್ರ್ಯಾಕ್ಟರ್ ಒಳಗೆ ಬಿಟ್ಟೆ. ಅಲ್ಲಿ ಒಂದು ಕಡೆ ಮಸಾರಿ, ಅಂದರೆ ಕೆಂಪು ಮಣ್ಣು, ಒಂದು ಕಡೆ ಎರಿ, ಅಂದರೆ ಕಪ್ಪು ಮಣ್ಣು. ಮಸಾರಿ ಒಣಗಿತ್ತು. ಎರಿ ಮೇಲೆ ಒಣಗಿದ ಸೋಗು ಹಾಕಿತ್ತು. ಡಾಂಬರಿನ ಅಂಚಿನಿಂದ ಮೂವತ್ತು ಮೀಟರ್ ದೂರದಲ್ಲಿ ಹಿಂದಿನ ಎರಡೂ ಗಾಲಿ ಅಚ್ಚಿನ ತನಕ ಹೂತವು. ಮುಂದಿನ ವಿಮಾನಕ್ಕೆ ನಲವತ್ತು ನಿಮಿಷ ಇತ್ತು. ಎಸ್ಕಾರ್ಟ್ ಜೀಪಿನವರ ವಾಕಿಟಾಕಿಯಲ್ಲಿ ಟವರ್‌ನವರು ಕೇಳುತ್ತಲೇ ಇದ್ದಾರೆ, ನನಗೆ ಬಾಯಿ ಒಣಗಿದೆ. ಗೋಣಿಚೀಲ ಹಾಸಿದೆವು, ಗಾಲಿ ಅದನ್ನೂ ನುಂಗಿತು. ಕೊನೆಗೆ ಇನ್ನೊಂದು ಟ್ರ್ಯಾಕ್ಟರ್‌ನಿಂದ ಹಗ್ಗ ಕಟ್ಟಿ ಎಳೆದು, ಹನ್ನೆರಡು ನಿಮಿಷ ಬಾಕಿ ಇರುವಾಗ ಹೊರಗೆ ಬಿದ್ದೆವು. ಬಿದ್ದ ಕುಣಿಯ ಕಥೆ ಬೇರೆ. ವಿಮಾನ ಜಾರಿ ಪಕ್ಕಕ್ಕೆ ಬಂದರೂ ಮುಗ್ಗರಿಸಬಾರದು ಅಂತಲೇ ಆ ನೆಲ ಸಮ ಇಟ್ಟಿರುತ್ತಾರೆ, ನಾನು ಅಲ್ಲಿ ಎರಡು ಬಾವಿ ತೋಡಿದ್ದೆ. ಕತ್ತಲಾದ ಮೇಲೆ ಬುಟ್ಟಿಯಲ್ಲಿ ಗರಸು ಹೊತ್ತು ತುಂಬಿ, ಕೈಯಿಂದ ದಮ್ಮಸು ಮಾಡಿ ಮುಗಿಸಿದಾಗ ರಾತ್ರಿ ಎರಡು. ಕೂಲಿ, ಗರಸು, ದಂಡ ಸೇರಿ 31 ಸಾವಿರ ಹೋಯಿತು. ತಪ್ಪು ನನ್ನದೇ. ಆವತ್ತಿನಿಂದ ಎರಿಗೆ ಕಬ್ಬಿಣದ ಸಲಾಕೆ ಚುಚ್ಚಿ ನೋಡದೆ ಗಾಲಿ ಇಳಿಸುವುದಿಲ್ಲ. ಗೇಣು ಆಳ ಇಳಿದರೆ ಚಹಾ ಕುಡಿದು ಮನೆಗೆ ವಾಪಸ್.

ಆ ವರ್ಷದ ಕೊನೆಗೆ ನಷ್ಟ ಎರಡೂಕಾಲು ಲಕ್ಷ. "ಬಿಟ್ಟು ಬಿಡೋ ತಮ್ಮಾ, ಹುಲ್ಲಿನ ಕೆಲಸದಾಗ ಯಾರ್ ಉದ್ಧಾರ ಆಗ್ಯಾರ?" ಅಂತ ನಮ್ಮ ಕಾಕಾ ಹೇಳಿದ್ದರು. ಬಿಡುವವನೇ ಇದ್ದೆ.

ಅಷ್ಟರಲ್ಲಿ ಲಾಕ್‌ಡೌನ್ ಬಂತು. 2020ರ ಮಾರ್ಚ್ 25ರಿಂದ ಮೇ 25ರ ತನಕ ದೇಶದೊಳಗೆ ಪ್ರಯಾಣಿಕರ ವಿಮಾನವೇ ಇಲ್ಲ. ಬೇಸಿಗೆಯ ಬೆಂಕಿ ಭಯಕ್ಕೆ ಒಣಹುಲ್ಲು ತೆಗೆಯುವ ಕೆಲಸ ಮಾರ್ಚಿನಲ್ಲಿ ಶುರುವಾಗಿತ್ತು. ಉತ್ತರದ ಕಡೆ ಬೋಳು ಹೊಡೆದಾಗಿತ್ತು, ದಕ್ಷಿಣದ ಕಡೆ ಹಿಂಗಾರಿನ ಹುಲ್ಲು ಹಾಗೇ ನಿಂತಿತ್ತು. ಕೂಲಿಯವರು ಊರಿಗೆ ಹೋದರು. ಮೇ ತಿಂಗಳಲ್ಲಿ ಪಾಸ್ ನವೀಕರಿಸಿ ಒಳಗೆ ಹೋದಾಗ ಬೋಳು ಕಡೆ ಟಿಟ್ಟಿಭದ ಗೂಡು ಹದಿನಾಲ್ಕೋ ಹದಿನೈದೋ ಎಣಿಸಿದೆ. ನಿಂತ ಹುಲ್ಲಿನ ಕಡೆ ಒಂದೂ ಇಲ್ಲ! ಆಕಡೆಯಿಂದ ಈಕಡೆಗೆ ಎರಡು ಸಲ ನಡೆದೆ. ಒಂದೇ ನೆಲ, ಒಂದೇ ಬಿಸಿಲು, ನಡುವೆ ಇದ್ದ ವ್ಯತ್ಯಾಸ ಚೋಟುದ್ದ ಹುಲ್ಲು ಮಾತ್ರ. ಹೆಬ್ಬೆರಳು ತೋರುಬೆರಳು ಅಗಲಿಸಿ ನೆಲಕ್ಕೆ ಇಟ್ಟು ಅಳೆದೆ, ಅದಕ್ಕೇ ಚೋಟು ಅನ್ನುತ್ತಿದ್ದೇನೆ. ಟೇಪು ಹಿಡಿದರೆ 15ರಿಂದ 18 ಸೆಂಟಿಮೀಟರ್. ವಿಲಾಯತಿಯ ನಿಲ್ದಾಣಗಳಲ್ಲಿ 15ರಿಂದ 20 ಸೆಂಟಿಮೀಟರ್ ಹುಲ್ಲು ಬಿಡುವ ಪದ್ಧತಿ ಬಹಳ ಹಳೆಯದು ಎಂದು ಆಮೇಲೆ ಒಬ್ಬ ಸಾಹೇಬರು ತೋರಿಸಿದರು. ನನಗಂತೂ ನನ್ನ ಚೋಟೇ ಮೊದಲು ಸಿಕ್ಕಿದ್ದು.

2021ರಲ್ಲಿ ಕೈಕಾಲು ಹಿಡಿದು, ರನ್‌ವೇಯಿಂದ ದೂರದ ಎಂಟು ಎಕರೆಯಲ್ಲಿ ಮಾತ್ರ ಪ್ರಯೋಗಕ್ಕೆ ಒಪ್ಪಿಗೆ ಪಡೆದೆ. ಟಿಟ್ಟಿಭ ಬರಲಿಲ್ಲ, ಬೆಳ್ಳಕ್ಕಿ ಬರಲಿಲ್ಲ, ನಾನು ಮೀಸೆ ತಿರುವುತ್ತ ಓಡಾಡಿದೆ. ಸೆಪ್ಟೆಂಬರಿಗೆ ಹುಲ್ಲು ತೆನೆ ಕಟ್ಟಿತು. ರಾಟವಾಳ, ಬೆಳವ, ಪಾರಿವಾಳ ಎಲ್ಲ ಜಾತ್ರೆಗೆ ಬಂದಂತೆ ಬಂದವು. ಮೊದಲು ಹೇಳಿದ ಸೂಪರ್‌ವೈಸರ್ ಜೀಪು ಬಂದದ್ದು ಆಗಲೇ. ಇಲಿ ಹೆಚ್ಚಾದವು, ಇಲಿಯ ಮೇಲೆ ಹದ್ದು ಸುತ್ತತೊಡಗಿದವು, ಒಂದು ನಾಗರಹಾವು ಬೇರೆ ಚರಂಡಿಯಲ್ಲಿ ಸಿಕ್ಕಿತು. ಒಂದೇ ದಿನದಲ್ಲಿ ಎಂಟೂ ಎಕರೆ ಬೋಳು ಹೊಡೆಸಿದರು, ಡೀಸೆಲ್ ನನ್ನದೇ.

ಆ ಚಳಿಗಾಲದಲ್ಲಿ ತಲೆ ಕೆಟ್ಟು ಬೇರೆ ಬೇರೆ ಏನೇನೋ ಮಾಡಿದೆ. ಹಳೆ ಸಿಡಿಗಳನ್ನು ದಾರಕ್ಕೆ ಕಟ್ಟಿದೆ, ಮೂರು ದಿನ ಹೆದರಿದ ಗೊರವಂಕ ನಾಲ್ಕನೇ ದಿನ ಅದೇ ಕೋಲಿನ ಮೇಲೆ ಕೂತವು. ಮೊಬೈಲಿನಲ್ಲಿ ಟಿಟ್ಟಿಭದ ಚೀರಾಟ ಹಿಡಿದು ಸ್ಪೀಕರ್‌ನಲ್ಲಿ ಹಾಕಿದೆ, ಜಗಳ ಎಲ್ಲಿ ಅಂತ ನೋಡಲು ಇನ್ನಷ್ಟು ಬಂದವು. ಆಗ್ರಾ ವಾಯುನೆಲೆಯಲ್ಲಿ ಹಕ್ಕಿ ಓಡಿಸಲು ಮುಧೋಳ ನಾಯಿಮರಿ ಒಯ್ದಿದ್ದಾರೆ ಎಂದು ಅದೇ ವರ್ಷ ಪೇಪರಿನಲ್ಲಿ ಬಂದಿತ್ತು. ನಮ್ಮ ಜಿಲ್ಲೆಯ ಮಗ್ಗುಲಿನ ನಾಯಿ, ಆಗ್ರಾದಲ್ಲಿ ಆದರೆ ಇಲ್ಲೇಕೆ ಆಗಬಾರದು? ಮುಧೋಳ ಹತ್ತಿರದ ನೆಂಟರಿಂದ ಒಂದು ತಂದೆ. ಒಳಗೆ ಬಿಡುವ ಮಾತೇ ಇರಲಿಲ್ಲ, ನಮ್ಮ ಹೊಲದಲ್ಲೇ ತಾಲೀಮು. ಮೊದಲ ದಿನ ಒಂದು ಮೊಲ ಎದ್ದಿತು, ನಾಯಿ ಅದರ ಹಿಂದೆ ಹೋದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂತು. ಹಕ್ಕಿಯ ಕಡೆ ಅದು ಕತ್ತೆತ್ತಿಯೂ ನೋಡಲಿಲ್ಲ. ಆಗ್ರಾದವರು ಹೇಗೆ ಕಲಿಸುತ್ತಾರೋ ಅದು ಅವರ ವಿದ್ಯೆ. ನಾಯಿ ಈಗ ನಮ್ಮ ಮನೆಯಲ್ಲೇ ಇದೆ, ದಿನಕ್ಕೆ ನಾಲ್ಕು ರೊಟ್ಟಿ.

ಕೊನೆಗೆ ದಾರಿ ತೋರಿಸಿದ್ದು ಅಪ್ಪ. ಜೋಳದ ಹೊಲದಲ್ಲಿ ಕೂತು ಮೇವಿನ ಮಾತು ಆಡುತ್ತಿದ್ದೆವು. "ಮೇವಿಗೆ ಬೇಕಂದ್ರ ಹೊಡಿ ಇದ್ದಾಗ ಕೊಯ್ಯಬೇಕು. ತೆನಿ ಬಂತಂದ್ರ ಸೊಪ್ಪಿನ ಸತ್ವ ಹೋತು" ಅಂದರು. ಹೊಡೆ! ತೆನೆ ಹೊಟ್ಟೆಯಲ್ಲೇ ಇರುವಾಗ ತಲೆ ಕತ್ತರಿಸಿದರೆ ಕಾಳೂ ಇಲ್ಲ, ಕಾಳಿನ ಹಕ್ಕಿಯೂ ಇಲ್ಲ, ಮೇವೂ ಸಿಹಿ. ಇಷ್ಟು ಸಣ್ಣ ವಿಷಯ ಎರಡು ವರ್ಷ ಹೊಳೆದಿರಲಿಲ್ಲ.

2022ರಿಂದ ನಾನು ಮಾಡುತ್ತಿರುವ ಕ್ರಮ ಹೇಳುತ್ತೇನೆ. ಅಂಚಿನ ದೀಪ, ಸೂಚನಾ ಫಲಕ, ಪಾಪಿ (PAPI, ಇಳಿಯುವ ಕೋನ ಸರಿಯೋ ಎಂದು ಪೈಲಟ್‌ಗೆ ತೋರಿಸುವ) ದೀಪಗಳ ಮುಂದೆ ಮೂರು ಮೀಟರ್ ಪೂರ್ತಿ ಗಿಡ್ಡ, ಅಲ್ಲಿ ಚೋಟಿನ ಮಾತೇ ಇಲ್ಲ. ಬ್ರಷ್ ಕಟರ್ ಹುಡುಗ ಮೊಣಕಾಲೂರಿ ಕೊಯ್ಯಬೇಕು, ದಾರದ ತುಂಡು ದೀಪದ ಗಾಜಿಗೆ ಬಡಿಯಬಾರದು. ಆಚೆಗೆ ಚೋಟು. ಸ್ಲ್ಯಾಶರ್ ಅಡಿಯ ಸ್ಕಿಡ್ (ನೆಲಕ್ಕೆ ತಾಗಿ ಜಾರುವ ಪಟ್ಟಿ) ಎತ್ತರ ಕಂಪನಿ ಕೊಟ್ಟ ತೂತುಗಳಲ್ಲಿ 10 ಸೆಂಟಿಮೀಟರಿಗೇ ಮುಗಿಯುತ್ತದೆ. ನಾನು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ಪಟ್ಟಿ ಕೂಡಿಸಿ 17ಕ್ಕೆ ಎತ್ತಿಸಿದೆ, ಖರ್ಚು 2,200. ಎತ್ತಿದರೆ ಬ್ಲೇಡು ಬಡಿತ ಹೆಚ್ಚಾಗಿ ಗೇರ್‌ಬಾಕ್ಸ್ ಅಳುತ್ತದೆ. ಅದನ್ನು ಹೇಗೆ ಸರಿಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಎರಡು ಗೇರ್‌ಬಾಕ್ಸ್ ಸುಟ್ಟು ಕಲಿತದ್ದು ಅದು.

ಕೊಯ್ಯುವ ದಿಕ್ಕು ರನ್‌ವೇ ಕಡೆಯಿಂದ ಬೇಲಿ ಕಡೆಗೆ. ಹುಳ ಹುಪ್ಪಟೆ ಗಾಲಿಯ ಮುಂದೆ ಓಡುತ್ತವೆ, ಅವು ಹೊರಗೆ ಓಡಲಿ. ನಾನು ಮೊದಲು ಬೇಲಿಯಿಂದ ಒಳಗೆ ಬರುತ್ತಿದ್ದೆ, ಅಂದರೆ ಇಡೀ ಹೊಲದ ಮಿಡತೆಯನ್ನು ಡಾಂಬರಿನ ಅಂಚಿಗೆ ತಂದು ಸುರಿಯುತ್ತಿದ್ದೆ. ಒಮ್ಮೆಲೇ ಎಲ್ಲ ಕೊಯ್ಯುವುದಿಲ್ಲ, ಪಟ್ಟೆ ಬಿಟ್ಟು ಪಟ್ಟೆ ಕೊಯ್ಯುತ್ತೇನೆ. ದಿನದ ಕೊನೆಯ ವಿಮಾನ ಹೋದ ಮೇಲೆ ಶುರುಮಾಡಿ, ಬೆಳಕು ಹರಿಯುವುದರೊಳಗೆ ಕೊಯ್ದದ್ದು ನೆಲದ ಮೇಲೆ ಇರಕೂಡದು. ಬೆಳ್ಳಕ್ಕಿ ಎದ್ದು ಬರುವ ಹೊತ್ತಿಗೆ ಊಟದ ಎಲೆ ಎತ್ತಿಟ್ಟಿರಬೇಕು. ರಾತ್ರಿ ಕೆಲಸಕ್ಕೆ ಒಪ್ಪಿಗೆ ಸಿಗಲಿಕ್ಕೆ ಆರು ತಿಂಗಳು, ಕಾಗದ ಹನ್ನೊಂದು. ಕೂಲಿ ಹಗಲಿಗಿಂತ ಒಂದೂವರೆ ಪಟ್ಟು. ಹೊರಗೆ ಬರುವಾಗ ಸ್ಲ್ಯಾಶರ್‌ನ ಪ್ರತಿ ನಟ್ಟು ಎಣಿಸುತ್ತೇವೆ. ಒಂದು ಸಲ ಲೆಕ್ಕ ತಪ್ಪಿ, ಐದು ಜನ ಟಾರ್ಚ್ ಹಿಡಿದು ಟ್ಯಾಕ್ಸಿವೇ ಮೇಲೆ ಬಾಗಿ ನಡೆದು ಹುಡುಕಿದ ಮೇಲೆ, ನಟ್ಟು ನನ್ನ ಅಂಗಿ ಜೇಬಿನಲ್ಲೇ ಸಿಕ್ಕಿತು. ಹುಡುಗರು ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾರೆ.

ಇಲಿ ಹೆಚ್ಚಾದ ಸಮಸ್ಯೆ ಪಟ್ಟೆ ಕೊಯ್ಲಿನಿಂದ ಅರ್ಧ ಇಳಿಯಿತು, ಚರಂಡಿ ಬಾಯಿಗೆ ಜಾಲರಿ ಹಾಕಿದ ಮೇಲೆ ಇನ್ನೂ ಸ್ವಲ್ಪ. ಪೂರ್ತಿ ಹೋಗಿಲ್ಲ. ಗೂಬೆಗೆ ಗೂಡಿನ ಪೆಟ್ಟಿಗೆ ಇಡೋಣ ಅಂದಾಗ "ಗೂಬೆ ಏನ್ ಪಾದಚಾರಿ ಏನ್ರೀ?" ಅಂತ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಹದ್ದಿನ ವಿಷಯವೇ ಬೇರೆ. ಹದ್ದಿಗೆ ಹುಲ್ಲು ಉದ್ದವೋ ಗಿಡ್ಡವೋ ಲೆಕ್ಕಕ್ಕಿಲ್ಲ. ಮಧ್ಯಾಹ್ನ ಡಾಂಬರು ಕಾದು ಬಿಸಿಗಾಳಿ ಎದ್ದರೆ ಅದರ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತವೆ. ಹೊಟ್ಟೆ ತುಂಬಿಸುವುದು ಬೇಲಿ ಹೊರಗಿನ ಕೋಳಿ ಅಂಗಡಿಗಳ ಪುಚ್ಚ, ಕರುಳು. ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಪ್ರಾಣಿ ಕೊಯ್ದು ತ್ಯಾಜ್ಯ ಎಸೆಯಬಾರದು ಎಂದು 1937ರ ವಿಮಾನ ನಿಯಮಗಳ 91ನೇ ನಿಯಮ ಇದೆ. ಹತ್ತು ಕಿಲೋಮೀಟರ್ ಅಂದರೆ ಅರ್ಧ ಹುಬ್ಬಳ್ಳಿ ಬಂತು, ಯಾರನ್ನು ಅಂತ ಹಿಡಿಯುತ್ತೀರಿ? ಸಮಿತಿ ಸಭೆ ಸೇರುತ್ತದೆ, ನೋಟಿಸ್ ಹೋಗುತ್ತದೆ, ಎಂಟು ದಿನ ಸ್ವಚ್ಛ, ಒಂಬತ್ತನೇ ದಿನ ಮತ್ತೆ ಪುಚ್ಚ. ನಾನು ಇಬ್ಬರು ಅಂಗಡಿಯವರ ಜತೆ ಬೇರೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಅವರಿಗೂ ನಾಲ್ಕು ಕಾಸು ಸಿಗುತ್ತದೆ, ನನಗೂ ತೊಂದರೆ ಇಲ್ಲ. ಏನದು ಅಂತ ಬರೆದರೆ ನಾಳೆ ಹತ್ತು ಜನ ಅದೇ ಧಂದೆಗೆ ಇಳಿಯುತ್ತಾರೆ.

ಮುಂಗಾರಿನ ಮೊದಲ ಮಳೆಯ ಸಂಜೆಗೆ ಇನ್ನೊಂದು ಕಾಟ. ನಾವು ವರಲಿ ಅನ್ನುತ್ತೇವೆ, ಮೈಸೂರು ಕಡೆ ಗೆದ್ದಲು. ನೆಲದಿಂದ ರೆಕ್ಕೆ ಕಟ್ಟಿಕೊಂಡು ಹೊಗೆಯಂತೆ ಏಳುತ್ತವೆ, ಅದಕ್ಕೆ ಹದ್ದು, ಕಾಗೆ, ಗೊರವಂಕ ಎಲ್ಲ ಒಟ್ಟಿಗೆ ಬರುತ್ತವೆ. ಆ ಒಂದು ಗಂಟೆ ಪಟಾಕಿಗೂ ಯಾರೂ ಹೆದರುವುದಿಲ್ಲ. ನಾನು ಏಪ್ರಿಲಿನಲ್ಲೇ ನೆಲ ತಟ್ಟಿ ಹುತ್ತ ಗುರುತು ಮಾಡಿ ಸುಣ್ಣ ಹಾಕುತ್ತೇನೆ, ಮೇ ಮೊದಲ ವಾರ ಅವುಗಳ ಬಾಯಿಗೆ ಒಂದು ವಸ್ತು ಸುರಿಯುತ್ತೇನೆ. ಔಷಧದ ಅಂಗಡಿಯದ್ದಲ್ಲ, ಅಡಿಗೆಮನೆಯಲ್ಲೂ ಇಲ್ಲ, ಎತ್ತಿನ ಕೊಟ್ಟಿಗೆ ಇದ್ದವರಿಗೆ ಪುಕ್ಕಟೆ. ಇಷ್ಟು ಹೇಳಿದ್ದೇ ಜಾಸ್ತಿ ಆಯಿತು.

ಕಾಂಗ್ರೆಸ್ ಕಸದ್ದು ಹೇಳದಿದ್ದರೆ ದುಡ್ಡಿನ ಲೆಕ್ಕ ಅರ್ಥವಾಗುವುದಿಲ್ಲ. 2022ರಲ್ಲಿ ಮೊದಲ ಸಲ ಮೇವು ಕಟ್ಟಿ ಹೊರಗೆ ತಂದೆ. ಮೇವು ಒತ್ತಿ ಕಟ್ಟುವ ಬೇಲರ್ ಯಂತ್ರದ ಬಾಡಿಗೆ ಒಂದು ಬೇಲು, ಅಂದರೆ ಒಂದು ಕಟ್ಟು, ಕಟ್ಟಲು ಮೂವತ್ತೈದೋ ನಲವತ್ತೋ. ಗೇಟಿನ ಹೊರಗೆ ಒಬ್ಬ ಎಮ್ಮೆ ಕಟ್ಟಿದ ಅಜ್ಜ ಒಂದು ಬೇಲು ಬಿಚ್ಚಿ ಕೈಯಲ್ಲಿ ಹಿಸುಕಿ ಮೂಸಿ ನೋಡಿ, ಒಳಗಿನಿಂದ ಒಂದು ಕಡ್ಡಿ ಎಳೆದು ನನ್ನ ಮುಂದೆ ಹಿಡಿದರು. ಕಾಂಗ್ರೆಸ್. "ಇದನ್ನ ತಿನ್ನಿಸಿದ್ರ ಹಾಲು ಕಹಿ ಆಗತೈತಿ, ನೀನs ಕುಡಿ" ಅಂದು ಹೋದರು. 600 ಬೇಲು ಹಾಗೇ ಕೊಳೆಯಿತು. ಆಮೇಲೆ ಕಾಂಗ್ರೆಸ್ ತಿನ್ನುವ ಮೆಕ್ಸಿಕೋ ಮೂಲದ ದುಂಬಿ ಇದೆಯಲ್ಲ, 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಟ್ಟದ್ದು, ಅದನ್ನು ಮಳೆಗಾಲದಲ್ಲಿ ಧಾರವಾಡ ರಸ್ತೆ ಬದಿಯ ಗಿಡಗಳಿಂದ ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಿಡಿದು ತಂದು ಬೇಲಿ ಹೊರಗಿನ ಗಿಡಗಳಿಗೆ ಬಿಟ್ಟೆ. ತಿಂದವು, ಚೆನ್ನಾಗಿಯೇ ತಿಂದವು. ಆದರೆ ಹಕ್ಕಿ ಬರಬಾರದೆಂದು ಹುಳ ಓಡಿಸುವವನು ಬಾಟಲಿಯಲ್ಲಿ ಹುಳ ತಂದು ಬಿಡುತ್ತಿದ್ದಾನೆ ಎಂದು ಜನ ನಕ್ಕರು. ಒಳಗೆ ಮಾತ್ರ ಹೆಂಗಸರ ಗುಂಪು ಹಚ್ಚಿ ಹೂ ಬಿಡುವ ಮುಂಚೆ ಬೇರುಸಹಿತ ಕೀಳಿಸಿದೆ. ಬರಿದಾದ ಜಾಗಕ್ಕೆ ಕರಿಕಿ ತಾನೇ ಹಬ್ಬಿತು, ಅದು ಹಬ್ಬದೆ ಉಳಿದ ಕಡೆ ಒಂದು ಥರದ ಬೀಜ ಎರಚಿದೆ. ಯಾವುದೆಂದು ಕೇಳಬೇಡಿ.

2023ರಲ್ಲಿ ರಾಜ್ಯಕ್ಕೇ ಬರ ಬಿತ್ತು. ಹೇಳಬಾರದು, ಆದರೆ ನನ್ನ ಸಾಲ ತೀರಿಸಿದ್ದು ಆ ಬರ. ಜುಲೈ ಮಳೆಗೆ ಎದ್ದ ಹುಲ್ಲನ್ನು ಹೊಡೆಯಲ್ಲಿ ಕೊಯ್ದು ಬೇಲು ಕಟ್ಟಿದ್ದೆ, ಕಾಂಗ್ರೆಸ್ ಒಂದು ಕಡ್ಡಿ ಇಲ್ಲ. ಹಿಂದಿನ ವರ್ಷ ಟ್ರೇಲರ್‌ಗೆ 2,500 ಕೇಳಿದರೂ ಮೂಗು ಮುರಿದವರು ಅಕ್ಟೋಬರಿನಲ್ಲಿ ಆರು ಸಾವಿರ ಹಿಡಿದು ಬೆಳಿಗ್ಗೆ ಆರಕ್ಕೆ ಗೇಟಿಗೆ ಬಂದರು. ಎಮ್ಮೆ ಅಜ್ಜನೂ ಬಂದಿದ್ದರು. ಅವರಿಗೆ ಒಂದು ಟ್ರೇಲರ್ ಹಳೆ ದರಕ್ಕೇ ಕೊಟ್ಟೆ, ಮೂಸಿ ನೋಡಿಯೇ ಒಯ್ದರು. ಮೇವಿನಿಂದ ಆ ವರ್ಷ ಮೂರು ಲಕ್ಷದ ಮೇಲೆ ಬಂತು. ಮೇವು ಒಯ್ಯುವ ಹಕ್ಕು ಪಡೆಯಲು ಕಟ್ಟಿದ್ದು 40 ಸಾವಿರ. ಕೊಯ್ಲಿನ ಬಿಲ್ಲಿನಲ್ಲಿ ಡೀಸೆಲ್ ಕೂಲಿ ಹೋಗಿ ಮುಕ್ಕಾಲು ಲಕ್ಷ ಉಳಿಯಿತು. ಉದ್ದ ಬಿಟ್ಟಿದ್ದಕ್ಕೆ ಕೊಯ್ಲು ಆರರಿಂದ ನಾಲ್ಕಕ್ಕೆ ಇಳಿದಿದ್ದವು, ಹಾಗಾಗಿ ಡೀಸೆಲ್ಲೂ ಉಳಿಯಿತು. ಪತ್ತಿನ ಸಂಘದ ಸಾಲ ಡಿಸೆಂಬರಿಗೆ ಚುಕ್ತಾ. ಬೆಳಗಿನ ಎಣಿಕೆ ಆ ವರ್ಷ 35–40. ಬರದ ವರ್ಷ ಹುಳವೂ ಕಡಿಮೆ ಎಂದು ಯಾರಾದರೂ ಹೇಳಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. 2024ರಲ್ಲಿ ಮಳೆ ಚೆನ್ನಾಗಿ ಬಂತು, ಎಣಿಕೆ ಐವತ್ತು ದಾಟಲಿಲ್ಲ. ಸೂಪರ್‌ವೈಸರ್ ಈಗ ಬೇರೆಯವರಿಗೆ "ಚೋಟು ಬಿಡ್ರಿ, ಬೋಳು ಹೊಡೀಬ್ಯಾಡ್ರಿ" ಅಂತ ಹೇಳುವುದನ್ನು ಕಿವಿಯಾರೆ ಕೇಳಿದ್ದೇನೆ.

ಎಲ್ಲ ಕಡೆ ನಡೆಯುತ್ತದೆ ಅಂತಲ್ಲ. ನಮ್ಮಲ್ಲಿ ವರ್ಷಕ್ಕೆ 700–800 ಮಿಲಿಮೀಟರ್ ಮಳೆ, ಹುಲ್ಲು ನೆಟ್ಟಗೆ ನಿಲ್ಲುತ್ತದೆ. ಮಂಗಳೂರು ಕಡೆಯ ಒಬ್ಬ ಗೆಳೆಯ ನನ್ನ ಮಾತು ಕೇಳಿ ತನ್ನ ಗುಡ್ಡದ ತುಂಡಿನಲ್ಲಿ ಮಾಡಿ ನೋಡಿದ. ಆ ಮಳೆಗೆ ಹುಲ್ಲು ಮಲಗಿ, ಕೊಳೆತು, ಎರೆಹುಳ ಎದ್ದವು. ಮುರಕಲ್ಲಿನ ಮೇಲೆ ಬೇರೆ ಲೆಕ್ಕವೇ ಬೇಕು. 2019ರ ನವೆಂಬರಿನಲ್ಲಿ ಶುರುವಾದ ಕಲಬುರಗಿಯಲ್ಲಿ ಮೂರು ಕಿಲೋಮೀಟರ್ ದಾಟಿದ ರನ್‌ವೇ, ಆದರೆ ಬೇಸಿಗೆಯಲ್ಲಿ ಚೋಟು ಹುಲ್ಲು ನಿಲ್ಲಿಸುವುದೇ ಕಷ್ಟ, ಅಲ್ಲಿಯವರಿಗೆ ಪಟ್ಟೆ ಕೊಯ್ಲಿನ ಮಾತಷ್ಟೇ ಹೇಳಿದೆ. ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ನಡೆಯಬಹುದು ಅನ್ನಿಸುತ್ತದೆ. ಅದು ನಮಗಿಂತ ಹಿರಿಯ, 1942ರಲ್ಲಿ ಬ್ರಿಟಿಷ್ ವಾಯುಪಡೆಯವರು ಮಾಡಿದ್ದು, 1961ರಲ್ಲಿ ಗೋವಾ ಬಿಡಿಸುವಾಗ ಹಂಟರ್ ವಿಮಾನಗಳು ಅಲ್ಲಿಂದಲೇ ಎದ್ದು ಬಾಂಬೋಳಿಯ ರೇಡಿಯೋ ಕೇಂದ್ರಕ್ಕೆ ಹೊಡೆದಿದ್ದವು. ಕೆಂಪು ಮಣ್ಣು, ಒಳ್ಳೆ ಕರಿಕಿ. ಅಲ್ಲಿನ ನಮ್ಮ ಮಾವನಿಗೆ ಹೇಳಿದರೆ "ಹುಬ್ಬಳ್ಳಿಯವ್ರು ನಮ್ಮ ವಿಮಾನ ಒಯ್ದ್ರಿ, ಈಗ ಹುಲ್ಲಿನ ಪಾಠಾನೂ ಹೇಳ್ತೀರೇನು?" ಅಂದರು. ಬೆಳಗಾವಿಯ ವಿಮಾನ ಹುಬ್ಬಳ್ಳಿಗೆ ಹೋದ 2018ರ ಹಳೆ ಸಿಟ್ಟು ಇನ್ನೂ ಇಳಿದಿಲ್ಲ.

ಈಗಿನ ತಲೆನೋವು ಹುಲ್ಲಿನದ್ದಲ್ಲ. 2024ರ ಮಾರ್ಚಿನಲ್ಲಿ ಹೊಸ ಟರ್ಮಿನಲ್‌ಗೆ ಅಡಿಗಲ್ಲು ಬಿದ್ದ ಮೇಲೆ ಆ ಕಡೆಯೆಲ್ಲ ಅಗೆತ. ಎರಿ ಮಣ್ಣಿನ ಗುಡ್ಡೆ, ಗುಡ್ಡೆಗಳ ನಡುವೆ ನಿಂತ ನೀರು, ನೀರಿನಲ್ಲಿ ಕಪ್ಪೆ. ಮೊನ್ನೆ ಬೆಳಿಗ್ಗೆ ಹನ್ನೊಂದು ಬೆಳ್ಳಕ್ಕಿ ಸಾಲಾಗಿ ನಿಂತಿದ್ದವು, ನನ್ನ ಪಟ್ಟೆಗೆ ಬೆನ್ನು ಮಾಡಿ. ಡೀಸೆಲ್ ಪಂಪು ಹಚ್ಚಿ ನೀರು ಎತ್ತಿಸಿದೆ, ಮರುದಿನ ಮಳೆ ಬಂದು ಮತ್ತೆ ತುಂಬಿತು. ಗುಂಡಿಗೆ ಮೇಲೆ ಬಲೆ ಹಾಸೋಣವೋ, ಚರಂಡಿ ಕೊರೆದು ಬೇಲಿಯಾಚೆ ಹರಿಸೋಣವೋ ಅಂತ ನೋಡುತ್ತಿದ್ದೇನೆ. ಬಲೆಗೆ ಚದರ ಮೀಟರಿಗೆ 18 ರೂಪಾಯಿ ಕೇಳಿದ್ದಾರೆ, ಚೌಕಾಸಿ ಮಾಡಿದರೆ ಹದಿನಾಲ್ಕಕ್ಕೆ ಇಳಿದಾರು.